ಗಂಧಕ ಹಚ್ಚಿಕೊಂಡ ಮನೆ

ಮದುವೆಯಾದ ಹೊಸದರಲ್ಲಿ ನನ್ನ ಮಣಿಕಟ್ಟಿನ ಸುತ್ತ ತುರಿಕೆ ಶುರುವಾದಾಗ ನಾನು ಮೊದಲು ಬಳೆಗಳನ್ನು ಬೈದೆ. ಕೈತುಂಬ ಹಸಿರು ಗಾಜಿನ ಬಳೆಗಳಿದ್ದವು. ಅವುಗಳ ಸಂದಿಯಲ್ಲಿ ಬೆವರು ನಿಂತು ಹೀಗಾಗಿರಬೇಕು ಅಂದುಕೊಂಡೆ. ಆಮೇಲೆ ತುರಿಕೆ ಬೆರಳ ಸಂದಿಗೆ ಬಂತು. ಆಗ ಪಾತ್ರೆ ತಿಕ್ಕುವ ಸೋಪನ್ನು ಬೈದೆ. ಸೀರೆಯ ನಿರಿಗೆ ಸಿಕ್ಕಿಸುವ ಜಾಗದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದಾಗ ಬೈಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ನಾನು ಗದಗಿನ ಬೆಟಗೇರಿಯವಳು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತಾ ಬೆಳೆದವಳು. ಅಪ್ಪನದು ಸೀರೆ ವ್ಯಾಪಾರ. ನನ್ನನ್ನು ಕೊಟ್ಟದ್ದು ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಗೆ, ಹೊಲ ಮಾಡಿಕೊಂಡಿದ್ದ ತುಂಬಿದ ಮನೆಗೆ. ಅತ್ತೆ, ಮಾವ, ನನ್ನ ಗಂಡ, ಗಂಡನ ಅಣ್ಣ, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಅವರ ಇಬ್ಬರು ಸಣ್ಣ ಮಕ್ಕಳು. ಮಾವ ಊರವರ ಜಗಳ ಬಗೆಹರಿಸುವ ಮನುಷ್ಯ. ಮಾತು ಬಹಳ ಕಡಿಮೆ. ಮುಂಜಾನೆ ಅಂಗಳದಲ್ಲಿ ಕೂತು ಗಡ್ಡ ಮಾಡಿಕೊಂಡು, ಪಟಿಕದ ಗಡ್ಡೆಯನ್ನು ನೀರಿನಲ್ಲಿ ಅದ್ದಿ ಎರಡೂ ಗಲ್ಲಕ್ಕೆ ಉಜ್ಜಿಕೊಂಡು, ಇಸ್ತ್ರಿ ಮಾಡಿದ ಧೋತರ ಉಟ್ಟು ಅವರು ಹೊರಟರೆಂದರೆ ನಾಯಿ ಕೂಡ ದಾರಿ ಬಿಡುತ್ತಿತ್ತು. ಅತ್ತೆ ಅವರಿಗಿಂತ ಸ್ವಲ್ಪ ಹೆಚ್ಚು ಮಾತಾಡುತ್ತಿದ್ದರು, ಆದರೆ ಆ ಹೆಚ್ಚಿನ ಮಾತೆಲ್ಲ ಅಡುಗೆಗೆ ಸಂಬಂಧಪಟ್ಟದ್ದು. "ಉಪ್ಪ ಕಡಿಮಿ ಆಗೇತಿ." "ರೊಟ್ಟಿ ಇನ್ನೊಂದೀಟು ತೆಳ್ಳಗ ಬಡಿ." ಆ ಮೊದಲ ತಿಂಗಳುಗಳಲ್ಲಿ ನಾವಿಬ್ಬರೂ ಅದಕ್ಕಿಂತ ಹೆಚ್ಚು ಮಾತಾಡಿದ್ದು ನನಗೆ ನೆನಪಿಲ್ಲ.

ಆ ವರ್ಷದ ದೀಪಾವಳಿಗೆ ತವರಿಗೆ ಹೋಗಿ ಬಂದಿದ್ದೆ. ಬಂದ ಮೇಲೆಯೇ ತುರಿಕೆ ಶುರುವಾದದ್ದು. ಮೊಬೈಲಿನಲ್ಲಿ ಹುಡುಕಿದೆ. ಅದರಲ್ಲಿ ಕಂಡ ಫೋಟೋಗಳನ್ನು ನೋಡಿ ಮೊಬೈಲನ್ನೇ ಬೋರಲು ಹಾಕಿದೆ. ಗಂಡನಿಗೆ ಹೇಳಿದರೆ, "ಥಂಡಿಗೆ ಮೈ ಒಣಗೇತಿ, ಎಣ್ಣಿ ಹಚ್ಚಕೋ" ಅಂದ. ಹಾಗೆ ಹೇಳುವಾಗ ಅವನೂ ಮೊಣಕೈ ಕೆರೆದುಕೊಳ್ಳುತ್ತಿದ್ದ. ಸ್ವಲ್ಪ ದಿನಕ್ಕೆ ಮಕ್ಕಳು ಶುರುಮಾಡಿದರು. ನೆಗೆಣ್ಣಿ ಒಂದು ಮಧ್ಯಾಹ್ನ ಪಕ್ಕದ ಮನೆಯವಳ ಜೊತೆ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ನಾನು ಒಳಗಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

"ದೀಪಾವಳಿಗೆ ಬೆಟಗೇರಿಗೆ ಹೋಗಿದ್ದಳಲ್ಲ, ಅಲ್ಲಿಂದನ ತಂದಾಳ ನೋಡವ್ವ," ಅಂದಳು. "ಮೊದಲ ನಮ್ಮ ಮನ್ಯಾಗ ಇಂಥಾದ್ದು ಇದ್ದಿದ್ದಿಲ್ಲ."

ಅವಳು ಕೆಟ್ಟವಳಲ್ಲ. ಅವಳ ಮಕ್ಕಳು ನಿದ್ದೆಯಿಲ್ಲದೆ ಅಳುತ್ತಿದ್ದವು, ಅವಳಿಗೆ ಸಿಟ್ಟು ಬಂದಿತ್ತು. ಆದರೆ ನನಗೆ ಆ ಮಾತು ಎದೆಗೆ ನಾಟಿತು. ತವರಿನಿಂದ ಬೇರೆಯವರು ಬಂಗಾರ ತರುತ್ತಾರೆ, ನಾನು ತುರಿಕೆ ತಂದೆನೇ ಅಂತ ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ಅಳುವಾಗಲೂ ಕೆರೆದುಕೊಳ್ಳುವುದು ತಪ್ಪಲಿಲ್ಲ, ಅದು ಇನ್ನೂ ಅವಮಾನ ಅನ್ನಿಸಿತು.

ಮರುದಿನ ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಹಿಟ್ಟು. ತಡೆಯಲಾರದೆ ಮಣಿಕಟ್ಟನ್ನು ಒಲೆಯ ಪಕ್ಕದ ಗೋಡೆಗೆ ತಿಕ್ಕಿದೆ. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈ ಹಿಡಿದು ಬೆರಳುಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು.

"ರೊಟ್ಟಿ ದೊಡ್ಡಾಕಿ ಬಡೀಲಿ. ನೀ ಚಲೋ ಸೀರಿ ಉಟಗೋ. ಲಕ್ಷ್ಮೇಶ್ವರಕ್ಕ ಹೋಗೂಣು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು, ನನ್ನ ಪಕ್ಕ ಅತ್ತೆ. ಲಕ್ಷ್ಮೇಶ್ವರದಿಂದ ಗದಗಿಗೆ ಇನ್ನೊಂದು ಬಸ್ಸು ಹತ್ತಿಸಿ ನನ್ನನ್ನು ತವರಿಗೆ ಕಳಿಸುತ್ತಾರೋ ಏನೋ ಎಂಬ ಹೆದರಿಕೆ ನನಗೆ. ಓರೆಗಣ್ಣಿನಿಂದ ನೋಡಿದೆ. ಅತ್ತೆ ಸೆರಗಿನ ಕೆಳಗೆ ಕೈ ಮುಚ್ಚಿಕೊಂಡು, ಮುಖದಲ್ಲಿ ಏನೂ ತೋರಿಸದೆ, ಒಂದು ಹೆಬ್ಬೆರಳಿನಿಂದ ಇನ್ನೊಂದು ಕೈಯ ಬೆರಳ ಸಂದಿಯನ್ನು ಸಾವಕಾಶವಾಗಿ ಕೆರೆದುಕೊಳ್ಳುತ್ತಿದ್ದರು.

ಅವರು ಕರೆದುಕೊಂಡು ಹೋದದ್ದು ಒಬ್ಬ ಆಯುರ್ವೇದದ ಡಾಕ್ಟರ್ ಬಾಯಿಯ ದವಾಖಾನೆಗೆ. ನಡುವಯಸ್ಸಿನ ಹೆಂಗಸು. ಕನ್ನಡಕ ಹಣೆಯ ಮೇಲೆ, ಪೆನ್ನು ತುರುಬಿನಲ್ಲಿ. ಭೂತಗನ್ನಡಿ ಹಿಡಿದು ನನ್ನ ಕೈ ನೋಡಿದವರೇ, ಏನೋ ಒಳ್ಳೆಯ ಸುದ್ದಿ ಹೇಳುವವರ ಹಾಗೆ ಮುಖ ಅರಳಿಸಿದರು.

"ಹುರುಕು. ನೂರಕ್ಕ ನೂರು ಕಜ್ಜಿ ಹುರುಕು. ಬ್ಯಾರೇ ಏನೂ ಅಲ್ಲ, ಅಂಜಬ್ಯಾಡ್ರಿ. ಮನ್ಯಾಗ ಎಷ್ಟ ಮಂದಿ ಅದೀರಿ?"

"ಎಂಟು," ಅಂದರು ಅತ್ತೆ.

"ಎಂಟೂ ಮಂದಿ ಹಚ್ಚಿಕೋಬೇಕು. ಒಂದ ದಿನಕ್ಕ ಶುರು ಮಾಡ್ರಿ, ಎಲ್ಲಾರೂ ಕೂಡೇ. ಒಬ್ಬರು ಬಿಟ್ಟರೂ ಮತ್ತ ತಿರುಗಿ ಬರತೈತಿ."

"ಅವರೂ ಹಚ್ಚಿಕೋಬೇಕೇನ್ರಿ? ಅವರಿಗೆ ಏನೂ ಇಲ್ಲ." ಅತ್ತೆ ಕೇಳಿದ್ದು ಮಾವನ ಬಗ್ಗೆ. ಮಾವನ ಮೈಗೆ ಮುಲಾಮು ಹಚ್ಚುವುದನ್ನು ನೆನೆದೇ ಅವರ ದನಿ ಇಳಿದಿತ್ತು.

"ಹುರುಕಿಗೆ ಹಿರೇರು ಸಣ್ಣೋರು ಅಂತ ಗೊತ್ತಾಗೂದಿಲ್ಲವ್ವಾ. ಹಚ್ಚರಿ."

ಮುಲಾಮಿಗೆ ಬೇಕಾದ ಗಂಧಕವನ್ನು ಆವತ್ತೇ ಶುದ್ಧಿ ಮಾಡುವುದಿತ್ತು. ಕಾಯುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಡಾಕ್ಟರ್ ಬಾಯಿ ನಮ್ಮನ್ನು ಹಿತ್ತಲಿಗೆ ಕರೆದರು. ಒಂದು ಪಾತ್ರೆಯಲ್ಲಿ ಹಾಲು, ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಪಕ್ಕದಲ್ಲಿ ಸಣ್ಣ ಉರಿಯ ಮೇಲೆ ಕಬ್ಬಿಣದ ಸೌಟು, ಅದರಲ್ಲಿ ತುಪ್ಪ. ಹಳದಿ ಗಂಧಕದ ಪುಡಿಯನ್ನು ತುಪ್ಪಕ್ಕೆ ಹಾಕಿದಾಗ ಅದು ನೋಡನೋಡುತ್ತಾ ಕರಗಿ ಜೇನುತುಪ್ಪದಂತಾಯಿತು. ಅದನ್ನು ಬಟ್ಟೆಯ ಮೇಲೆ ಸುರಿದರು. ಚುಂಯ್ ಅಂತ ಸದ್ದು. ಹೊಗೆಯಿಂದ ನಾವಿಬ್ಬರೂ ಒಟ್ಟಿಗೆ ಕೆಮ್ಮಿದೆವು. ಬಟ್ಟೆ ಬಿಚ್ಚಿ ಹಾಲಿನ ತಳಕ್ಕೆ ಸೌಟು ಹಾಕಿ ಎತ್ತಿದರೆ ಹಳದಿ ಮುತ್ತುಗಳು! ದುಂಡಗೆ, ಹೊಳಪಾಗಿ, ಲಕ್ಷ್ಮೇಶ್ವರದ ಪ್ಯಾಟಿಯ ಯಾವ ಬಂಗಾರದ ಅಂಗಡಿಯಲ್ಲೂ ಕಾಣದಂಥವು.

"ಅಯ್ಯ ಯವ್ವಾ, ಬೂಂದಿ ಕಾಳು ಆಗೇತಿ ನೋಡ," ಅಂದರು ಅತ್ತೆ, ಮೈಮರೆತು.

ಅಡುಗೆ, ಕೆಲಸದ ಹೊರತಾದ ಒಂದು ಮಾತನ್ನು ಅವರು ನನಗೆ ಹೇಳಿದ್ದು ಆಗಲೇ ಇರಬೇಕು. ಆದರೆ ಅದೂ ಬೂಂದಿಯ ಬಗ್ಗೆಯೇ ಆಗಿತ್ತು ಅಂತ ಈಗ ನಗು ಬರುತ್ತದೆ.

ಆ ಮುತ್ತುಗಳನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಕಲ್ಲಿನಲ್ಲಿ ನುಣ್ಣಗೆ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ದೊಡ್ಡ ಡಬ್ಬಿಯೊಂದನ್ನು ತುಂಬಿಕೊಟ್ಟರು. ಕಣ್ಣಿಗೆ, ಬಾಯಿಗೆ ತಾಗಿಸಬಾರದು. ಕುತ್ತಿಗೆಯಿಂದ ಕಾಲ ಬೆರಳ ತನಕ ಒಂದು ಗುಂಜಿಯಷ್ಟು ಜಾಗ ಬಿಡಬಾರದು. ಮೂರು ದಿನ ಹಚ್ಚಿ ಆಮೇಲೆ ಸ್ನಾನ. ಉಟ್ಟದ್ದು, ಹೊದ್ದದ್ದು ಎಲ್ಲವನ್ನೂ ಕುದಿಸಬೇಕು. ಎಂಟು ದಿನ ಬಿಟ್ಟು ಎಲ್ಲರನ್ನೂ ಮತ್ತೆ ತೋರಿಸಬೇಕು.

ಮನೆಗೆ ಬಂದಾಗ ಮಾವ ಪಡಸಾಲೆಯಲ್ಲಿ ಶೇಂಗಾ ಚೀಲಗಳ ಪಕ್ಕ ಕೂತಿದ್ದರು. ಅತ್ತೆ ಹೇಗೆ ಹೇಳುತ್ತಾರೋ ಅಂತ ನಾನು ಕಂಬದ ಹಿಂದೆ ನಿಂತೆ.

"ಡಾಕ್ಟರ್ ಬಾಯಿ ಮನಿ ಮಂದಿಯೆಲ್ಲಾ ಹಚ್ಚಿಕೋಬೇಕು ಅಂದಾರ. ನೀವೂ."

ಮಾವ ಸಿಟ್ಟಾಗಲಿಲ್ಲ. ಯಾಕೆ, ಏನು ಅಂತಲೂ ಕೇಳಲಿಲ್ಲ.

"ಹಚ್ಚಿಕೊಂಡರಾತು," ಅಂದು ಎದ್ದು, ಅಂಗಿಯ ಗುಂಡಿ ಬಿಚ್ಚುತ್ತಾ ಹಿತ್ತಲಿಗೆ ನಡೆದೇಬಿಟ್ಟರು. ಮಕ್ಕಳಿಗಿಂತ ಮೊದಲು ಅವರೇ ಸಿದ್ಧ. ಅತ್ತೆಗೆ ಆಶ್ಚರ್ಯವಾಯಿತು. ನನಗಂತೂ ಈ ಮನುಷ್ಯ ಇಷ್ಟು ಒಳ್ಳೆಯವರೇ ಅನ್ನಿಸಿತು.

ಹಿತ್ತಲಿನಲ್ಲಿ ಗಂಡಸರು, ಒಳಕೋಣೆಯಲ್ಲಿ ಹೆಂಗಸರು. ಗಂಡನ ಅಣ್ಣ ಮಾವನ ಬೆನ್ನಿಗೆ ಹಚ್ಚುವ ಸದ್ದು, ಮಕ್ಕಳು ಕಚಗುಳಿಯಾಗಿ ಕಿರುಚುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. "ಹಳದಿ ಅಜ್ಜ! ಹಳದಿ ಅಜ್ಜ!" ಅಂತ ಅವು ಕುಣಿಯುತ್ತಿದ್ದವು. ಮಾವನನ್ನು ಯಾರಾದರೂ ಹಾಗೆ ಕರೆದದ್ದು ಅಡರಕಟ್ಟಿಯ ಚರಿತ್ರೆಯಲ್ಲೇ ಮೊದಲು. ಅವರು ಗದರಲಿಲ್ಲ.

ಒಳಗೆ ಅತ್ತೆ ನೆಗೆಣ್ಣಿಗೆ ಹಚ್ಚಿ ಮುಗಿಸಿ ನನ್ನನ್ನು ತಿರುಗಿ ಕೂರಲು ಹೇಳಿದರು. ನಾನು ನಾಚಿಕೆಯಿಂದ ಮುದುಡಿಕೊಂಡೆ. ಅವರ ಅಂಗೈ ಒರಟು, ಎಣ್ಣೆ ಬೆಚ್ಚಗಿತ್ತು. ಹೆಗಲಿನಿಂದ ಸೊಂಟದ ತನಕ, ಗೋಡೆಗೆ ಸುಣ್ಣ ಬಳಿಯುವವರ ಹಾಗೆ ಒಂದು ಕಡೆಯಿಂದ ಹಚ್ಚುತ್ತಾ ಬಂದರು. ಆ ಮುಂಜಾನೆ ಕೈ ಹಿಡಿದು ನೋಡಿದ್ದು ಬಿಟ್ಟರೆ, ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಮುಟ್ಟಿದ್ದು ಆಶೀರ್ವಾದ ಮಾಡುವಾಗ ಮಾತ್ರ.

"ಅಳಬ್ಯಾಡ," ಅಂದರು. ನಾನು ಅಳುತ್ತಿದ್ದುದು ಬೆನ್ನಿನಿಂದಲೇ ಅವರಿಗೆ ಗೊತ್ತಾಗಿತ್ತು. "ನಾ ಈ ಮನಿಗೆ ಬಂದಾಗ ತಲಿ ತುಂಬ ಹೇನು ತಂದಿದ್ದೆ. ನಮ್ಮತ್ತಿ ನನ್ನ ತಲಿ ಬೋಳಸ್ತಾಳೇನೋ ಅಂತ ಅಂಜಿದ್ದೆ. ಅಕಿ ಸುಮ್ಮನ ತೊಡಿಮ್ಯಾಲೆ ಮಲಗಿಸಿಕೊಂಡು ಹೆಕ್ಕಿದಳು. ಹೆಕ್ಕಕೋತ ಹಾಡು ಹೇಳಿದಳು. ನನಗ ಹಾಡು ಬರಂಗಿಲ್ಲ, ಅದಕ್ಕ ಸುಮ್ಮನ ಹಚ್ಚಾಕತ್ತೇನಿ."

ನೆಗೆಣ್ಣಿ ಮೂಲೆಯಲ್ಲಿ ಹಳದಿ ಬೊಂಬೆಯ ಹಾಗೆ ಕೂತಿದ್ದಳು. ಅವಳು ಕಿಸಕ್ಕನೆ ನಕ್ಕಳು. ನನಗೂ ನಗು ಬಂತು. ಆಮೇಲೆ ನಾವಿಬ್ಬರೂ ಸೇರಿ ಅತ್ತೆಯ ಬೆನ್ನಿಗೆ ಹಚ್ಚಿದೆವು, ಒಂದು ಪಾಲು ಅವಳು, ಒಂದು ಪಾಲು ನಾನು. ಮನೆಯೆಲ್ಲ ಗೀರಿದ ಬೆಂಕಿಕಡ್ಡಿಯ ವಾಸನೆ. ಹಂಡೆಯಲ್ಲಿ ಬಟ್ಟೆಗಳು ಕುದಿಯುತ್ತಿದ್ದವು. ಯಾರೂ ಹೊರಗೆ ಹೋಗುವಂತಿರಲಿಲ್ಲ. ತಿಂಗಳುಗಟ್ಟಲೆ ಒಂದೊಂದು ದಿಕ್ಕಿಗೆ ಓಡುತ್ತಿದ್ದ ಮಂದಿಯೆಲ್ಲ ಆವತ್ತು ಮನೆಯಲ್ಲೇ ಕೂತು ಶೇಂಗಾ ಹುರಿದು ತಿಂದರು.

ಮರುದಿನ ಮುಂಜಾನೆ ಎದ್ದು ಕಾಲು ನೋಡಿಕೊಂಡವಳೇ ಚೀರಿದೆ. ನನ್ನ ಕಾಲುಂಗುರಗಳು ಕಪ್ಪಾಗಿದ್ದವು. ಮದುವೆಯ ಹೊಸ ಬೆಳ್ಳಿ, ಇದ್ದಲಿನ ಬಣ್ಣಕ್ಕೆ ತಿರುಗಿತ್ತು. ಇದು ಏನೋ ಅಪಶಕುನ ಅಂತ ಹೆದರಿ ಸೆರಗಿನಿಂದ ಅವನ್ನು ತಿಕ್ಕತೊಡಗಿದೆ. ಅತ್ತೆ ಓಡಿ ಬಂದರು. ನನ್ನ ಕಾಲು ನೋಡಿ, ತಮ್ಮ ಸೀರೆ ಎತ್ತಿ ತಮ್ಮ ಕಾಲನ್ನೂ ತೋರಿಸಿದರು. ಅವರದೂ ಕಪ್ಪು. ನೆಗೆಣ್ಣಿಯ ಕಾಲ್ಗೆಜ್ಜೆ ಕೂಡ ಕಪ್ಪು.

"ಹುಚ್ಚಿ, ಗಂಧಕ ಹಚ್ಚಿಕೊಂಡರ ಬೆಳ್ಳಿ ಕರ್ರಗ ಆಗತೈತಿ. ಹುಣಸಿಹಣ್ಣು ಹಚ್ಚಿ ತಿಕ್ಕಿದರ ಮತ್ತ ಮೊದಲಿನಂಗ..."

ಅಲ್ಲಿಗೆ ಅವರ ಮಾತು ನಿಂತಿತು. ಕಣ್ಣು ಸಣ್ಣಗಾದವು. ಏನನ್ನೋ ನೆನಪಿಸಿಕೊಳ್ಳುತ್ತಿದ್ದರು. ಆಮೇಲೆ ಎದ್ದು ಸೀದಾ ಅಂಗಳಕ್ಕೆ ನಡೆದರು. ಮಾವ ಹಳೆಯ ಪಂಚೆ ಸುತ್ತಿಕೊಂಡು ಎಳೆಬಿಸಿಲಿನಲ್ಲಿ ಕೂತಿದ್ದರು.

"ಏನ್ರೀ, ದೀಪಾವಳಿಗೆ ನಾ ಎಣ್ಣಿ ಹಚ್ಚಾಕ ಬಂದಾಗ ನಿಮ್ಮ ಬೆಳ್ಳಿ ಉಡದಾರ ಕರ್ರಗಾಗಿತ್ತು. ನಾ ಕೇಳಿದೆ. ಬೆವರಿಗೆ ಆಗೇತಿ ಅಂದ್ರಿ. ಹುಣಸಿಹಣ್ಣ ಹಚ್ಚಿ ತಿಕ್ಕಿದಾಕಿ ನಾನ. ಖರೆ ಹೇಳ್ರಿ, ಅದು ಬೆವರೇನು?"

ಮಾವ ಆಕಾಶ ನೋಡಿದರು. ಬೇಲಿಯ ಮೇಲಿನ ಗುಬ್ಬಿ ನೋಡಿದರು. ಅಷ್ಟರಲ್ಲಿ ನಾವೆಲ್ಲ, ಹಳದಿ ಮೈಯವರೆಲ್ಲ, ಬಾಗಿಲಲ್ಲಿ ಗುಂಪಾಗಿದ್ದೆವು.

"ದಸರಾ ಮುಂದ ಮುಂಡರಗಿಗೆ ಹೋಗಿದ್ದೆನಲ್ಲ, ಯಾರದೋ ಮನಿ ನ್ಯಾಯ ಮಾಡಾಕ," ಅಂದರು ಕೊನೆಗೆ. "ರಾತ್ರಿ ಒಂದು ಕಂಬಳಿ ಕೊಟ್ಟರು. ಹೊದ್ದಕೊಂಡೆ. ಬಂದ ಮ್ಯಾಲೆ ಕೆರತ ಶುರುವಾತು."

"ಮತ್ತ ಹೇಳಾಕ ಏನಾಗಿತ್ತು?"

"ಏನಂತ ಹೇಳೂದು? ಅಂಗಡ್ಯಾಗ ಗಂಧಕ ತಂದು ಶೇಂಗಾ ಎಣ್ಯಾಗ ಕಲಿಸಿ ಹೊಲದಾಗಿನ ಪಂಪಶೆಡ್ಡಿನಾಗ ಹಚ್ಚಿಕೋತಿದ್ದೆ. ಕಡಿಮಿ ಆಗಿತ್ತು. ಆಮ್ಯಾಲೆ ನಿಮಗೆಲ್ಲಾ ಶುರುವಾತು. ನನಗೂ ಮತ್ತ ಬಂತು."

ಊರಿಗೆ ನ್ಯಾಯ ಹೇಳುವವರು, ಪಂಪಶೆಡ್ಡಿನ ಕತ್ತಲಲ್ಲಿ ಬರಿಮೈಯಲ್ಲಿ ನಿಂತು, ಬೆನ್ನಿಗೆ ಕೈ ಎಟುಕದೆ ಒದ್ದಾಡುವ ಚಿತ್ರ ನಮ್ಮೆಲ್ಲರ ಕಣ್ಣಿಗೂ ಒಟ್ಟಿಗೇ ಬಂದಿರಬೇಕು. ಮೊದಲು ನಕ್ಕವರು ಅತ್ತೆ. ನಕ್ಕು ನಕ್ಕು ಅಂಗಳದಲ್ಲೇ ಕುಸಿದು ಕೂತರು. ಆಮೇಲೆ ಮಕ್ಕಳು, ಆಮೇಲೆ ನಾವೆಲ್ಲ. ಮಾವ ಕೂಡ ಮೀಸೆಯ ಕೆಳಗೆ ನಕ್ಕರು. ನೆಗೆಣ್ಣಿ ನಗುತ್ತಲೇ ನನ್ನ ಕೈ ಹಿಡಿದು ಗಟ್ಟಿಯಾಗಿ ಒತ್ತಿದಳು.

ಈ ನಗು ಮುಗಿಯುವ ಮೊದಲೇ ಮನೆಯ ಮುಂದೆ ಒಂದು ಟಂಟಂ ಗಾಡಿ ಬಂದು ನಿಂತಿತು. ಇಳಿದವರು ನನ್ನ ಅಪ್ಪ, ಅವ್ವ. ಎಳ್ಳಮಾವಾಸ್ಯೆಗೆ ಬರುತ್ತೇವೆ ಅಂದಿದ್ದವರು ಹೇಳದೆ ಕೇಳದೆ ಐದು ದಿನ ಮೊದಲೇ ಬಂದಿದ್ದರು. ಅಪ್ಪನ ಕೈಯಲ್ಲಿ ಹಬ್ಬದ ಸೀರೆಗಳ ಗಂಟು, ಅವ್ವನ ಕೈಯಲ್ಲಿ ಬುತ್ತಿ. ಅಂಗಳದಲ್ಲಿ ಹಳದಿ ಬಳಿದುಕೊಂಡ ಎಂಟು ಜನ ನಗುತ್ತಾ ನಿಂತದ್ದನ್ನು ನೋಡಿ ಅವ್ವ ಬೆಪ್ಪಾದಳು.

"ಯವ್ವಾ, ಅರಿಷಿಣ ಹಚ್ಚೀರಿ... ಯಾರದರ ಮದಿವಿ ಐತೇನು?" ಅಂದಳು.

ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಬೀಗರ ಎದುರಿಗೆ ಇದನ್ನು ಹೇಗೆ ಹೇಳುವುದು? ಅತ್ತೆ ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮಾವನೇ ಮುಂದೆ ಬಂದರು. ಮೊಣಕಾಲಿನ ತನಕದ ಹಳೆಯ ಪಂಚೆ, ಹಳದಿ ಎದೆ, ಹಳದಿ ಹೊಟ್ಟೆ. ಆದರೂ ಪಂಚಾಯ್ತಿ ಕಟ್ಟೆಯ ಮೇಲೆ ನಿಲ್ಲುವ ಹಾಗೇ ನೆಟ್ಟಗೆ ನಿಂತರು.

"ಬೀಗರ, ಸ್ವಲ್ಪ ದೂರ ನಿಲ್ಲರಿ. ನಮ್ಮ ಮನ್ಯಾಗ ಹುರುಕು ಬಂದೈತಿ. ತಂದಾಂವ ನಾನು. ನಿಮ್ಮ ಮಗಳದ್ದು ಇದರಾಗ ಏನೂ ತಪ್ಪಿಲ್ಲ. ನನ್ನ ಸಂಬಂಧ ಪಾಪ ಅಕಿಗೂ ತ್ರಾಸ ಆತು."

ನನ್ನ ಅಪ್ಪ ಗಂಟನ್ನು ಕಟ್ಟೆಯ ಮೇಲಿಟ್ಟರು. ಅವ್ವನ ಮುಖ ನೋಡಿದರು. ಅವ್ವ ಅವರ ಮುಖ ನೋಡಿದಳು. ಆಮೇಲೆ ಅಪ್ಪ ನಿಧಾನವಾಗಿ ಅಂಗಿಯ ತೋಳು ಮೇಲೆ ಸರಿಸಿ ಮಣಿಕಟ್ಟು ಕೆರೆದುಕೊಳ್ಳತೊಡಗಿದರು. ಬಹಳ ಹೊತ್ತಿನಿಂದ ತಡೆದುಕೊಂಡವರ ಕೆರೆತ ಅದು, ಕಣ್ಣು ಮುಚ್ಚಿಹೋಗಿದ್ದವು.

"ದೀಪಾವಳಿ ಆದಾಗಿಂದ ನಮ್ಮ ಮನ್ಯಾಗೂ ಇದ ನಡದೈತಿ," ಅಂದಳು ಅವ್ವ ಸಣ್ಣ ದನಿಯಲ್ಲಿ. "ನಿಮಗ ಗೊತ್ತಾದರ ಏನ ಅಂತೀರೋ ಅಂತ ಹೇಳಿದ್ದಿಲ್ಲ."

ಈ ಸಲ ಮಾವ ಬಾಯಿ ತೆರೆದು ನಕ್ಕರು. ಆ ಮನೆಗೆ ಬಂದ ಮೇಲೆ ನಾನು ಅವರ ಹಲ್ಲು ನೋಡಿದ್ದು ಆಗಲೇ.

"ಮತ್ತ ದೂರ ಯಾಕ ನಿಂತೀರಿ?" ಅಂದರು ಅತ್ತೆ. "ಒಳಗ ಬರ್ರಿ. ಡಬ್ಬ್ಯಾಗ ಇನ್ನೂ ಬೇಕಾದಷ್ಟು ಐತಿ."

ಸೀರೆ ಅಂಗಡಿಯ ಗಲ್ಲಾದ ಮೇಲೆ ಗತ್ತಿನಿಂದ ಕೂರುವ ನನ್ನ ಅಪ್ಪನನ್ನು ಮಾವ ಹಿತ್ತಲಿಗೆ ಕರೆದೊಯ್ದು, ತಮ್ಮ ಕೈಯಾರೆ ಬೆನ್ನಿಗೆ ಗಂಧಕ ಹಚ್ಚಿದರು. ಮದುವೆಯಲ್ಲಿ ಇಬ್ಬರೂ ಶಾಲು ಹೊದಿಸಿಕೊಂಡು ಕೈಮುಗಿದದ್ದು ಬಿಟ್ಟರೆ ಮಾತೇ ಆಡಿರಲಿಲ್ಲ. ಈಗ ಹಿತ್ತಲಿನಿಂದ ಹತ್ತಿಯ ದರದ ಬಗ್ಗೆ, ಮಗ್ಗದ ನೂಲಿನ ಬಗ್ಗೆ, ಮುಂಡರಗಿಯ ಆ ಕಂಬಳಿಯ ಬಗ್ಗೆ ಗಟ್ಟಿದನಿಯ ಮಾತುಗಳು ಕೇಳಿಬರುತ್ತಿದ್ದವು. ಅವ್ವನ ಬೆನ್ನಿಗೆ ಅತ್ತೆ ಹಚ್ಚಿದರು. ಸಂಜೆ ಹತ್ತು ಜನ ಹಳದಿಯವರು ಸಾಲಾಗಿ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಊಟ ಮಾಡಿದೆವು. ಬೆಟಗೇರಿಯ ಮನೆಗೆ ಬೀಗ ಹಾಕಿ ಬಂದಿದ್ದರಿಂದ ಅಪ್ಪ, ಅವ್ವ ಹಬ್ಬ ಮುಗಿಯುವ ತನಕ ಅಲ್ಲೇ ಉಳಿದರು.

ಮೂರನೆಯ ದಿನ ಹಚ್ಚಿ ಮುಗಿದ ಮೇಲೆ ಸ್ನಾನದ ದಿನ ಬಂತು. ಅದೊಂದು ಜಾತ್ರೆಯೇ. ಹಂಡೆಯ ನೀರಿಗೆ ಬೇವಿನ ಸೊಪ್ಪು ಹಾಕಿ ಕುದಿಸಿದ್ದರು. ಮೈಗೆ ಕಡಲೆಹಿಟ್ಟು. ತಲೆಗೆ ಎರೆಮಣ್ಣು. ಗಂಡ ಹೊಲದಿಂದ ಬುಟ್ಟಿಯಲ್ಲಿ ತಂದ ಕಪ್ಪುಮಣ್ಣನ್ನು ಅತ್ತೆ ಸೋಸಿ, ಮಜ್ಜಿಗೆಯಲ್ಲಿ ನೆನೆಹಾಕಿದ್ದರು. ಪ್ಯಾಟಿಯಲ್ಲಿ ಬೆಳೆದ ನನಗೆ ತಲೆಗೆ ಮಣ್ಣು ಹಚ್ಚುವುದೆಂದರೆ ಶಾಂಪೂ ಇಲ್ಲದ ಕಾಲದ ಕತೆ. ಆದರೆ ಬೆಣ್ಣೆಯಷ್ಟು ನುಣ್ಣಗಿದ್ದ ಆ ಮಣ್ಣು ತಣ್ಣಗೆ ನೆತ್ತಿಗೆ ಇಳಿದಾಗ ಕಣ್ಣು ಮುಚ್ಚಿ ಕೂತುಬಿಟ್ಟೆ. ತೊಳೆದ ಮೇಲೆ ಕೂದಲು ಬೆರಳಿಗೆ ಸಿಕ್ಕದೆ ಜಾರುತ್ತಿತ್ತು. ಮೈ ಹಗುರಾಗಿತ್ತು. ತುರಿಕೆ ಪೂರ್ತಿ ಹೋಗಲು ಇನ್ನೂ ಕೆಲವು ದಿನ ಬೇಕಾದವು, ಡಾಕ್ಟರ್ ಬಾಯಿ ಹೇಳಿದ್ದ ಹಾಗೆ ಇನ್ನೊಮ್ಮೆ ಹಚ್ಚಿಕೊಳ್ಳಬೇಕಾಯಿತು. ಆದರೆ ಆ ರಾತ್ರಿ ಮನೆಯ ಮಕ್ಕಳು ಅಳದೆ ನಿದ್ದೆ ಮಾಡಿದವು.

ಹಬ್ಬದ ಹಿಂದಿನ ಮಧ್ಯಾಹ್ನ ನಾನು ಮಾಳಿಗೆ ಹತ್ತಿದಾಗ ಅತ್ತೆ ಮತ್ತು ಅವ್ವ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನಡುವೆ ಒಂದು ಕಬ್ಬಿಣದ ಬಾಣಲೆ, ಅದರಲ್ಲಿ ಕರ್ರಗಿನ ಕೆಸರಿನಂಥದ್ದು. ಮದರಂಗಿ ಪುಡಿ, ನೆಲ್ಲಿಚೆಟ್ಟು, ಗರಗದ ಸೊಪ್ಪಿನ ರಸ, ಶೋಧಿಸಿದ ಕಬ್ಬಿಣದ ಕಿಟ್ಟದ ಪುಡಿ, ಎಲ್ಲ ಸೇರಿಸಿ ಹಿಂದಿನ ದಿನವೇ ನೆನೆಹಾಕಿದ್ದರಂತೆ. ಅತ್ತೆಯ ಕೂದಲು ಅಷ್ಟು ಕಪ್ಪಾಗಿರುವುದು ಹೇಗೆ ಎಂದು ನನಗೆ ಆಗ ತಿಳಿಯಿತು.

"ನೋಡೇ, ನಿಮ್ಮ ಅತ್ತಿ ನನಗೂ ಹಚ್ಚಾಕತ್ತಾಳ," ಅಂದಳು ಅವ್ವ. ಅವಳ ತಲೆಯ ಅರ್ಧ ಆಗಲೇ ಕಪ್ಪು ಮೆತ್ತಿಕೊಂಡಿತ್ತು. "ನಿಮ್ಮಪ್ಪ ಗುರ್ತ ಹಿಡೀತಾರೋ ಇಲ್ಲೋ."

"ಗುರ್ತ ಹಿಡೀಲಿಲ್ಲಂದ್ರ ಇಲ್ಲೇ ಇದ್ದಬಿಡ್ರಿ ಬೀಗತಿ," ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ಬಾಣಲೆಯನ್ನು ನನ್ನ ಮುಂದೆ ಸರಿಸಿದರು. "ನೀ ಬಾ. ನನ್ನ ಹಿಂದಲೆ ನನಗ ಕಾಣಂಗಿಲ್ಲ. ದೊಡ್ಡ ಸೊಸಿ ಹಚ್ಚಿದರ ಕಿವಿಗೆಲ್ಲಾ ಬಳೀತಾಳ."

ನಾನು ಹಿಂದೆ ಕೂತು ಅವರ ಕೂದಲನ್ನು ಪಾಲು ಪಾಲಾಗಿ ತೆಗೆದು ಹಚ್ಚಿದೆ. ಅವ್ವ ಬೆಟಗೇರಿಯ ಓಣಿಯ ಸುದ್ದಿ ಹೇಳುತ್ತಿದ್ದಳು, ಅತ್ತೆ ನಡುನಡುವೆ "ಹೌದ?" "ಖರೇನ?" ಅನ್ನುತ್ತಿದ್ದರು. ಕೆಳಗೆ ನೆಗೆಣ್ಣಿ ಸಜ್ಜೆ ಕಡುಬಿಗೆ ಬೆಲ್ಲ ಕುಟ್ಟುತ್ತಿದ್ದಳು.

ಮರುದಿನ ಎಳ್ಳಮಾವಾಸ್ಯೆ. ಎಲ್ಲರೂ ಟ್ರ್ಯಾಕ್ಟರ್ ಏರಿ ಹೊಲಕ್ಕೆ ಹೋದೆವು. ಕಡಲೆ ಹೂ ಬಿಟ್ಟಿತ್ತು. ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ನೈವೇದ್ಯದ ಅಡುಗೆಯನ್ನು ಬೆಳೆಯ ಮೇಲೆ ಚರಗವಾಗಿ ಚೆಲ್ಲಿ, ಜಮಖಾನೆ ಹಾಸಿ ಊಟಕ್ಕೆ ಕೂತೆವು. ಅಪ್ಪ ತಂದ ಸೀರೆಗಳನ್ನು ಹೆಂಗಸರೆಲ್ಲ ಉಟ್ಟಿದ್ದೆವು. ಮಾವ ತಾವೇ ಎದ್ದು ಬಡಿಸಲು ಶುರುಮಾಡಿದರು. ಬೀಗರಿಗೆ ಬಡಿಸಿ, ಮಕ್ಕಳಿಗೆ ಬಡಿಸಿ, ನನ್ನ ಮುಂದೆ ಬಂದು ನಿಂತರು.

"ಇನ್ನೊಂದು ಹಾಕಿಕೋ ತಂಗೀ," ಅಂತ ಮನೆಮಗಳಿಗೆ ಹೇಳುವ ಹಾಗೆ ಹೇಳಿ ನನ್ನ ತಟ್ಟೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೊಂದನ್ನು ಇಟ್ಟು, ಅದರ ಮೇಲೆ ಕೈ ಬಿಗಿ ಮಾಡದೆ ಬೆಣ್ಣೆ ಹಾಕಿದರು. ನಾನು ಸಾಕು ಸಾಕು ಅನ್ನುತ್ತಲೇ ಇದ್ದೆ. ಅವರು ಕೇಳಲಿಲ್ಲ.